ಕುರಿ ಹೊಕ್ಕ ಮೇಲೆ ಆಸ್ಟ್ರೇಲಿಯಾದ ಹುಲ್ಲುಗಾವಲು

ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಸೀಮೆಯವರಿಗೆ ಕುರಿಯ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಮಂದೆ ಒಂದೇ ಕಡೆ ನಿಂತರೆ ನೆಲ ಏನಾಗುತ್ತದೆ, ಚಿಗುರು ಬಲಿಯುವ ಮೊದಲೇ ಮೇಯಲು ಬಿಟ್ಟರೆ ಹುಲ್ಲಿನ ಬುಡ ಹೇಗೆ ಸಾಯುತ್ತದೆ ಎನ್ನುವುದು ಇಲ್ಲಿನ ಹಟ್ಟಿಗಳ ದಿನನಿತ್ಯದ ಲೆಕ್ಕ. ಬ್ರಿಟಿಷರು ಆಸ್ಟ್ರೇಲಿಯಾದಲ್ಲಿ ನೆಲೆಯೂರಿದ್ದನ್ನು ಈ ಲೆಕ್ಕ ಹಿಡಿದೇ ನೋಡಬೇಕು. ಅಲ್ಲಿನ ಮೂಲನಿವಾಸಿಗಳ ಅನ್ನ, ನೀರು, ದಾರಿ ಮೂರನ್ನೂ ಎಲ್ಲಕ್ಕಿಂತ ವೇಗವಾಗಿ ಕಿತ್ತುಕೊಂಡದ್ದು ಕುರಿಮಂದೆ.

1788ರ ಜನವರಿ 26ರಂದು ಆರ್ಥರ್ ಫಿಲಿಪ್‌ನ ಮುಂದಾಳತ್ವದಲ್ಲಿ 11 ಹಡಗುಗಳ ತಂಡ ಈಗಿನ ಸಿಡ್ನಿಯಲ್ಲಿ ಇಳಿಯಿತು. ಬಂದವರಲ್ಲಿ 700ಕ್ಕೂ ಹೆಚ್ಚು ಜನ ಕೈದಿಗಳು. ಮರುವರ್ಷವೇ ಸಿಡುಬು ಹಬ್ಬಿ ಸಿಡ್ನಿಯ ಸುತ್ತಲಿನ ಮೂಲನಿವಾಸಿಗಳಲ್ಲಿ ಅರ್ಧದಷ್ಟು ಜನ ಸತ್ತರೆಂದು ಫಿಲಿಪ್ ಅಂದಾಜು ಮಾಡಿದ. ಆದರೂ ಮೊದಲ 25 ವರ್ಷ ವಸಾಹತು ಕರಾವಳಿಯ ಕಿರುಪಟ್ಟಿಯಲ್ಲೇ ಇತ್ತು. 1797ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ನಿಂದ ನಯವಾದ ಉಣ್ಣೆಯ ಮೆರಿನೋ ಕುರಿ ಬಂತು. 1813ರಲ್ಲಿ ಸಿಡ್ನಿಯ ಪಶ್ಚಿಮಕ್ಕಿರುವ ಬ್ಲೂ ಮೌಂಟನ್ಸ್ ಬೆಟ್ಟಸಾಲು ದಾಟುವ ದಾರಿ ಸಿಕ್ಕಿತು, 1815ರ ಹೊತ್ತಿಗೆ ಬ್ಯಾಥರ್ಸ್ಟ್‌ವರೆಗೆ ಗಾಡಿರಸ್ತೆ ಆಯಿತು. ಆಚೆಗೆ ಕಣ್ಣು ಹಾಯುವಷ್ಟೂ ಹುಲ್ಲು. ಇತ್ತ ಇಂಗ್ಲೆಂಡಿನ ಗಿರಣಿಗಳಿಗೆ ಎಷ್ಟು ಉಣ್ಣೆ ಕೊಟ್ಟರೂ ಸಾಲದು.

1829ರಲ್ಲಿ ಸರ್ಕಾರ 19 ಕೌಂಟಿಗಳ (ಜಿಲ್ಲೆಗಳ) ಗಡಿ ಹಾಕಿ, ಅದರಾಚೆ ಯಾರೂ ನೆಲೆಸಕೂಡದು ಎಂದಿತು. ಕುರಿ ಸಾಕುವವರು ಕೇಳಲಿಲ್ಲ. 1836ರಲ್ಲಿ ಸರ್ಕಾರವೇ ಮಣಿದು ವರ್ಷಕ್ಕೆ 10 ಪೌಂಡ್ ಶುಲ್ಕಕ್ಕೆ ಪರವಾನಗಿ ಕೊಡತೊಡಗಿತು. ಹತ್ತು ಪೌಂಡಿಗೆ ಎಷ್ಟು ಎಕರೆ ಎಂಬ ಮಿತಿಯೇ ಇರಲಿಲ್ಲ. ಇವರಿಗೆ ಸ್ಕ್ವಾಟರ್‌ಗಳೆಂದು ಹೆಸರು. ನೆಲದಲ್ಲಿ ಸಾವಿರಾರು ವರ್ಷಗಳಿಂದ ಇದ್ದವರನ್ನು ಯಾರೂ ಕೇಳಲಿಲ್ಲ, ಅವರಿಗೆ ಬಿಡಿಗಾಸೂ ಸೇರಲಿಲ್ಲ. 1835ರಲ್ಲಿ ಜಾನ್ ಬ್ಯಾಟ್‌ಮನ್ ಈಗಿನ ಮೆಲ್ಬರ್ನ್ ಪ್ರದೇಶದ ಕುಲಿನ್ ಜನರೊಂದಿಗೆ ಒಪ್ಪಂದ ಮಾಡಿಕೊಂಡೆನೆಂದು ಕಾಗದ ತೋರಿಸಿದಾಗ ಗವರ್ನರ್ ಬರ್ಕ್ ಅದನ್ನು ರದ್ದು ಮಾಡಿದ. ನೆಲವೆಲ್ಲ ರಾಜಸತ್ತೆಯದು, ಮಾರಲು ಕುಲಿನ್ ಜನರಿಗೆ ಹಕ್ಕೇ ಇಲ್ಲ ಎಂಬುದು ಅವನ ವಾದ. ಬ್ಯಾಟ್‌ಮನ್‌ನದು ಮೋಸದ ಕಾಗದವೇ ಇರಬಹುದು. ಆದರೆ ಗವರ್ನರನ ಆದೇಶ ಅದಕ್ಕಿಂತ ದೊಡ್ಡ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಒಂದು ಕುರಿನೆಲೆ ನಡೆಯುತ್ತಿದ್ದ ಬಗೆ ಹೀಗಿತ್ತು. ವರ್ಷವಿಡೀ ನೀರಿರುವ ಹಳ್ಳದ ಮಡುವಿನ ಹತ್ತಿರ ಗುಡಿಸಲು ಹಾಕುತ್ತಿದ್ದರು. ಮೊದಮೊದಲು ಒಬ್ಬ ಕುರಿಗಾಹಿಗೆ ಕೆಲವು ನೂರು ಕುರಿ. ಮುಂದೆ ಸಾವಿರ ದಾಟಿತು. ಇಬ್ಬರು ಕಾಯುವವರು, ಗುಡಿಸಲು ನೋಡಿಕೊಳ್ಳಲು ಮತ್ತೊಬ್ಬ. ಈ ಮೂವರೂ ಹೆಚ್ಚಾಗಿ ಕೈದಿಗಳು ಅಥವಾ ಶಿಕ್ಷೆ ಮುಗಿಸಿದವರು. ಸಂಜೆ ಮಂದೆಯನ್ನು ಎತ್ತಿಡಬಹುದಾದ ತಡಿಕೆಗಳ ರೊಪ್ಪಕ್ಕೆ ಸೇರಿಸಿ, ರಾತ್ರಿ ಗುಡಿಸಲಿನವನು ಕಾಯುತ್ತಿದ್ದ. ನಮ್ಮಲ್ಲೂ ತಡಿಕೆ ರೊಪ್ಪ ಉಂಟು. ಆದರೆ ಇಲ್ಲಿ ಮಂದೆ ಊರಿಂದೂರಿಗೆ ಸಾಗುತ್ತದೆ, ರೈತನ ಹೊಲದಲ್ಲಿ ನಾಲ್ಕು ರಾತ್ರಿ ನಿಂತು ಗೊಬ್ಬರ ಕೊಟ್ಟು ಮುಂದೆ ಹೋಗುತ್ತದೆ, ಬಿಟ್ಟುಬಂದ ಹುಲ್ಲಿಗೆ ತಿಂಗಳುಗಟ್ಟಲೆ ಬಿಡುವು ಸಿಗುತ್ತದೆ. ಅಲ್ಲಿ ರೊಪ್ಪ ಅತ್ತಿತ್ತ ಸರಿದರೂ ಮಂದೆ ದಿನಾ ಕುಡಿಯುವುದು ಅದೇ ಮಡುವಿನಲ್ಲಿ, ತುಳಿಯುವುದು ಅದೇ ದಡವನ್ನು. ಕಾಂಗರೂವಿನ ಪಾದ ಮೆತ್ತಗಿನದು, ಆ ಮಣ್ಣು ಗೊರಸನ್ನೇ ಕಂಡಿರಲಿಲ್ಲ. ಕೆಲವೇ ವರ್ಷಗಳಲ್ಲಿ ನೆಲ ಕಣದಂತೆ ಗಟ್ಟಿಯಾಯಿತು. ಬಿದ್ದ ಮಳೆ ಇಂಗದೆ ಹರಿದು ಕೊರಕಲು ತೋಡಿತು.

ಈ ನೆಲ ಪಾಳು ಬಿದ್ದಿರಲಿಲ್ಲ. ಆಗ್ನೇಯ ಬಯಲುಗಳಲ್ಲಿ ಮುರ್ನಾಂಗ್ ಎಂಬ ಹಳದಿ ಹೂವಿನ ಗಿಡದ ಗೆಡ್ಡೆ ಜನರ ಮುಖ್ಯ ಆಹಾರಗಳಲ್ಲೊಂದು. ಹೆಂಗಸರು ಅಗೆಯುವ ಕೋಲಿನಿಂದ ಗೆಡ್ಡೆ ಎತ್ತಿ, ಬುಟ್ಟಿಗಳಲ್ಲಿ ತುಂಬಿ, ನೆಲದ ಗುಂಡಿಯಲ್ಲಿ ಕಾದ ಕಲ್ಲುಗಳ ಮೇಲೆ ಬೇಯಿಸುತ್ತಿದ್ದರು. ಅಗೆದಷ್ಟೂ ಮಣ್ಣು ಸಡಿಲವಾಗಿ ನೀರು ಇಂಗುತ್ತಿತ್ತು, ಉಳಿದ ಗೆಡ್ಡೆ ಒತ್ತೊತ್ತಾಗಿ ಚಿಗುರುತ್ತಿತ್ತು. ಹುಲ್ಲು ಅರೆ ಒಣಗಿದಾಗ, ಇಬ್ಬನಿ ಇರುವ ಹೊತ್ತು ನೋಡಿ, ಸಣ್ಣ ಸಣ್ಣ ತುಂಡುಗಳಲ್ಲಿ ಬೆಂಕಿ ಇಡುತ್ತಿದ್ದರು. ಜ್ವಾಲೆ ಮೇಲೇಳದೆ ಮರದ ತಲೆ ಉಳಿಯುತ್ತಿತ್ತು, ಬೂದಿ ಗೊಬ್ಬರವಾಗುತ್ತಿತ್ತು, ಹೊಸ ಚಿಗುರಿಗೆ ಕಾಂಗರೂ ಬರುತ್ತಿದ್ದವು. (ಇದನ್ನು ಓದಿ ಜೋಗಿಮಟ್ಟಿಯ ತಪ್ಪಲಿನಲ್ಲಿ ಬೇಸಿಗೆಯಲ್ಲಿ ಕಡ್ಡಿ ಗೀರಬೇಡಿ. ಮಾರ್ಚ್-ಏಪ್ರಿಲ್‌ನ ಬೆಂಕಿ ಅದಕ್ಕೆ ತದ್ವಿರುದ್ಧ ಕೆಲಸ ಮಾಡುತ್ತದೆ, ಸಸಿ, ಬೀಜ, ಹಕ್ಕಿಗೂಡು ಯಾವುದನ್ನೂ ಉಳಿಸುವುದಿಲ್ಲ.)

ಮುರ್ರೆ ನದಿಯ ಬಳಿ ಟೊಂಗಾಲಾದಲ್ಲಿ 1841ರಿಂದ ಕುರಿ ಬಿಟ್ಟಿದ್ದ ಎಡ್ವರ್ಡ್ ಕರ್ ಎಂಬ ಸ್ಕ್ವಾಟರ್, 1883ರಲ್ಲಿ ಪ್ರಕಟವಾದ ನೆನಪುಗಳಲ್ಲಿ ನಡೆದದ್ದನ್ನು ಬರೆದಿದ್ದಾನೆ. ಕುರಿಗಳು ಮೂತಿಯಿಂದ ಈ ಗೆಡ್ಡೆಗಳನ್ನು ಕೆದಕಿ ತಿನ್ನಲು ಕಲಿತವು, ಮೊದಲ ವರ್ಷ ಬಹುಪಾಲು ಅದರ ಮೇಲೆಯೇ ಬದುಕಿದವು, ಆಮೇಲೆ ಗೆಡ್ಡೆ ಕಡಿಮೆಯಾಗುತ್ತ ಬಂತು. ಗೆಡ್ಡೆ ಹೋಯಿತು, ಮಡುವಿನ ಹತ್ತಿರ ಬಂದರೆ ಗುಂಡು. ಹಸಿದವರು ಕುರಿ ಹೊಡೆದರು, ಕುರಿ ಹೊಡೆದದ್ದಕ್ಕೆ ಇಡೀ ಹಟ್ಟಿಗಳನ್ನೇ ಕೊಂದರು. 1838ರ ಜೂನ್ 10ರಂದು ಮಯಾಲ್ ಕ್ರೀಕ್‌ನಲ್ಲಿ ಕನಿಷ್ಠ 28 ಜನರ ಕೊಲೆಯಾಯಿತು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಆ ಒಂದು ಪ್ರಕರಣದಲ್ಲಿ ಏಳು ಜನರಿಗೆ ಗಲ್ಲಾಯಿತು. ಬೇರೆಡೆ ನಡೆದ ಇಂಥ ಕೊಲೆಗಳಲ್ಲಿ ಬಹುತೇಕ ಯಾವುದೂ ನ್ಯಾಯಾಲಯದ ಮೆಟ್ಟಿಲು ಹತ್ತಲಿಲ್ಲ.

ಬಂದವರೆಲ್ಲ ಉದ್ಧಾರವಾದರೇ? ದೊಡ್ಡ ಸ್ಕ್ವಾಟರ್‌ಗಳು ಆದರು. ಕುರಿಗಾಹಿ ಕೈದಿಗಳು ಒಂಟಿತನದಲ್ಲಿ ಸವೆದರು. ಮುಂದೆ ತಂತಿಬೇಲಿ ಬಂದಾಗ ಅವರ ಕೆಲಸವೂ ಹೋಯಿತು. 1861ರ ನ್ಯೂ ಸೌತ್ ವೇಲ್ಸ್ ಭೂಕಾಯ್ದೆ ಬಡವರಿಗೆ 40ರಿಂದ 320 ಎಕರೆ ಕೊಡುತ್ತೇವೆಂದಿತು. ಎಕರೆಗೆ ಒಂದು ಪೌಂಡ್, ಕಾಲು ಭಾಗ ಮುಂಗಡ. ಸ್ಕ್ವಾಟರ್‌ಗಳು ಬೇನಾಮಿ ಹೆಸರಿನಲ್ಲಿ ನೀರಿರುವ ತುಂಡುಗಳನ್ನೆಲ್ಲ ಹಿಡಿದುಕೊಂಡರು. ನೀರಿಲ್ಲದ ಮಿಕ್ಕ ನೆಲ ತಾನಾಗಿಯೇ ಅವರ ಕೈಯಲ್ಲಿ ಉಳಿಯಿತು.

ದಕ್ಷಿಣ ಆಸ್ಟ್ರೇಲಿಯಾದ ಸಂಗತಿ ನಮ್ಮ ಶೇಂಗಾ ಬೆಳೆಗಾರರಿಗೆ ಇನ್ನೂ ಹತ್ತಿರದ್ದು. ಬರಗಾಲದ ನಂತರ 1865ರಲ್ಲಿ ಸರ್ವೇಯರ್ ಜನರಲ್ ಜಾರ್ಜ್ ಗಾಯ್ಡರ್ ಕುದುರೆಯ ಮೇಲೆ ತಿರುಗಿ, ಗಿಡಗಂಟಿಗಳ ಜಾತಿ ಬದಲಾಗುವ ಜಾಗ ನೋಡಿ ನಕಾಶೆಯಲ್ಲಿ ಗೆರೆ ಎಳೆದ. ಅದರ ಉತ್ತರಕ್ಕೆ ಮಳೆ ನಂಬಿ ಬಿತ್ತಬಾರದು. ಆ ಗೆರೆ ಸುಮಾರು 250 ಮಿಲಿಮೀಟರ್ ವಾರ್ಷಿಕ ಮಳೆಗೆ ಹೊಂದುತ್ತದೆ. 1870ರ ದಶಕದಲ್ಲಿ ಕೆಲವು ವರ್ಷ ಚೆನ್ನಾಗಿ ಮಳೆಯಾಯಿತು. ನೇಗಿಲು ಹೋದಲ್ಲಿ ಮಳೆ ಹಿಂಬಾಲಿಸುತ್ತದೆ ಎಂದು ನಂಬಿ ಸಾವಿರಾರು ಜನ ಗೆರೆ ದಾಟಿ ಗೋಧಿ ಬಿತ್ತಿದರು. 1880ರ ದಶಕದ ಬರ ಅವರನ್ನು ಎಬ್ಬಿಸಿ ಓಡಿಸಿತು. ಅವರು ಬಿಟ್ಟುಹೋದ ಕಲ್ಲಿನ ಮನೆಗಳು ಈಗಲೂ ಅಲ್ಲಿ ಪಾಳು ನಿಂತಿವೆ.

ನೆಲದ ಕೆಡುಕನ್ನು ಆಗಲೇ ಗುರುತಿಸಿದವರೂ ಇದ್ದರು. 1840ರಲ್ಲಿ ವಿಕ್ಟೋರಿಯಾದ ವ್ಯಾಂಡೋ ವೇಲ್‌ಗೆ ಬಂದ ಜಾನ್ ರಾಬರ್ಟ್‌ಸನ್ 1853ರಲ್ಲಿ ಬರೆದ ಪತ್ರದಲ್ಲಿ ಆಳಬೇರಿನ ಹುಲ್ಲುಗಳು ಸಾಯುತ್ತಿರುವುದು, ಗುಡ್ಡದ ಮಣ್ಣು ಜಾರುತ್ತಿರುವುದು, ಉಪ್ಪುನೀರಿನ ಒರತೆ ಒಡೆಯುತ್ತಿರುವುದು ಎಲ್ಲವೂ ಇದೆ. ಭದ್ರಾ ಅಚ್ಚುಕಟ್ಟಿನಲ್ಲಿ ನೀರು ಹೆಚ್ಚಾಗಿ ಸವಳು ಏಳುವುದನ್ನು ದಾವಣಗೆರೆಯವರು ಬಲ್ಲರು. ಆಸ್ಟ್ರೇಲಿಯಾದಲ್ಲಿ ಕಾಲುವೆಯೇ ಇಲ್ಲದೆ ಸವಳು ಎದ್ದಿತು. ಆಳಬೇರು ಹೋದ ಮೇಲೆ ಮಳೆನೀರನ್ನು ಹೀರುವವರಿಲ್ಲ. ಅದು ಕೆಳಗಿಳಿದು ಅಂತರ್ಜಲ ಮೇಲೇರುತ್ತದೆ, ಜೊತೆಗೆ ತಳದ ಉಪ್ಪೂ ಮೇಲೆ ಬರುತ್ತದೆ. ಮರ ಕಡಿದು ಗೋಧಿ ಬಿತ್ತಿದ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಹೀಗೆ 10 ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲ ಕೆಟ್ಟಿದೆ.

1992ರ ಜೂನ್ 3ರಂದು ಮಾಬೊ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವಾದ ಹೈಕೋರ್ಟ್, ಬ್ರಿಟಿಷರು ಬರುವ ಮೊದಲೇ ಜನರಿಗೆ ಭೂಮಿಯ ಹಕ್ಕಿತ್ತು ಎಂದು ಒಪ್ಪಿತು. ಆದರೆ ಹಕ್ಕು ಕೇಳುವವರು ತಮ್ಮ ಪದ್ಧತಿ ಅಂದಿನಿಂದ ಕಡಿಯದೆ ಬಂದಿದೆ ಎಂದು ಸಾಬೀತು ಮಾಡಬೇಕು. ಮುರ್ರೆ ದಂಡೆಯ ಯೋರ್ಟಾ ಯೋರ್ಟಾ ಜನರು ಹಿರಿಯರ ಬಾಯಿಂದ ಸಾಕ್ಷ್ಯ ಹೇಳಿಸಿದರು. 1998ರಲ್ಲಿ ನ್ಯಾಯಾಧೀಶರು ಅದಕ್ಕಿಂತ ಹೆಚ್ಚು ತೂಕ ಕೊಟ್ಟದ್ದು ಅದೇ ಎಡ್ವರ್ಡ್ ಕರ್‌ನ ಬರಹಕ್ಕೆ. ಅವರ ನೆಲದಲ್ಲಿ ಕುರಿ ಬಿಟ್ಟವನ ಮಾತನ್ನೇ ಅವರ ವಿರುದ್ಧ ಬಳಸಿದ್ದನ್ನು ನ್ಯಾಯ ಎನ್ನಲು ನನಗೆ ಆಗುವುದಿಲ್ಲ. 2002ರಲ್ಲಿ ಹೈಕೋರ್ಟಿನಲ್ಲೂ ಅವರು ಸೋತರು.

ನಮ್ಮ 2006ರ ಅರಣ್ಯ ಹಕ್ಕು ಕಾಯ್ದೆ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಅರಣ್ಯವೆಂದು ದಾಖಲಾದ ಭೂಮಿಯಲ್ಲಿ ಮೇಯಿಸುವ ಹಕ್ಕನ್ನು, ಅಲೆಮಾರಿ ಪಶುಪಾಲಕರ ಋತುಮಾನದ ಬಳಕೆಯನ್ನು ಅದು ಹೆಸರಿಸಿಯೇ ಹೇಳುತ್ತದೆ. ಪರಿಶಿಷ್ಟ ಪಂಗಡಕ್ಕೆ ಸೇರದವರು 75 ವರ್ಷಗಳ ನೆಲೆ ತೋರಿಸಬೇಕು ಎಂಬುದು ಕಷ್ಟದ ಷರತ್ತೇ ಹೌದು. ಆದರೆ ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆಯನ್ನು ನಿಯಮಗಳೇ ಸಾಕ್ಷ್ಯವೆಂದು ಒಪ್ಪುತ್ತವೆ. ಅದೊಂದೇ ಸಾಲದು, ಜೊತೆಗೆ ಇನ್ನೊಂದಾದರೂ ಪುರಾವೆ ಬೇಕು. ಹೇಳಿಕೆ ಬರೆಸುವಾಗ "ತಲತಲಾಂತರದಿಂದ ಮೇಯಿಸುತ್ತಿದ್ದೇವೆ" ಎಂದಷ್ಟೇ ಬರೆಸಿದರೆ ಹೆಚ್ಚು ಪ್ರಯೋಜನವಿಲ್ಲ. ಯಾವ ತಿಂಗಳು ಯಾವ ಕಡೆ, ಯಾವ ಗೋಕಟ್ಟೆಯ ನೀರು, ದೇವರ ಎತ್ತುಗಳು ಹಾಯುವ ದಾರಿ, ಅವನ್ನು ಕಾಯುವ ಕಿಲಾರಿಗಳು ತಂಗುವ ಬಂಡೆ, ರೊಪ್ಪದ ಹಳೆಯ ಕಲ್ಲುಗೋಡೆ, ಇವನ್ನೆಲ್ಲ ಸರ್ವೆ ನಂಬರ್ ಸಮೇತ ಬರೆಸಿ ಅರಣ್ಯ ಹಕ್ಕು ಸಮಿತಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು.