ಅರಬೈಲು ಘಟ್ಟ ಮತ್ತು ಟ್ಯಾಂಕಿನೊಳಗಿನ ದುಂಬಿ

ಕಲಘಟಗಿ ದಾಟುವ ಮುಂಚೆಯೇ ಅವ್ವ ಎರಡು ಸಲ ಕೇಳಿದ್ದಳು: "ಗಾಡ್ಯಾಗ ದುಂಬಿ ಹೊಕ್ಕೈತೇನೋ ತಮ್ಮಾ?"

ದುಂಬಿ ಹೊಕ್ಕಿರಲಿಲ್ಲ. ಹಿಂದಿನ ಸೀಟಿನ ಕೆಳಗಿನಿಂದ ಬರುತ್ತಿದ್ದ ಆ 'ಗುಂಯ್' ಸದ್ದು ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನದು ಅಂತ ನನಗೆ ಗೊತ್ತಿತ್ತು. ಎರಡು ತಿಂಗಳಿಂದ ಗೊತ್ತಿತ್ತು. ಇವತ್ತು ನೋಡಿಸೋಣ, ನಾಳೆ ನೋಡಿಸೋಣ ಅಂತ ದಿನ ದೂಡಿದ್ದೆ, ಅಷ್ಟೇ.

ನಮ್ಮದು 2009ರ ಓಮ್ನಿ. 1984ರಲ್ಲಿ 'ಮಾರುತಿ ವ್ಯಾನ್' ಅಂತ ಬಂದು, 2019ರಲ್ಲಿ ತಯಾರಿಕೆ ನಿಂತುಹೋದ ಅದೇ ಡಬ್ಬಿ ಗಾಡಿ. 796 ಸಿಸಿಯ ಇಂಜಿನ್ ಮುಂದಿನ ಸೀಟಿನ ಅಡಿಗೇ ಇರುವುದರಿಂದ ಡ್ರೈವರನ ಕುಂಡಿಗೆ ಚಳಿಗಾಲ ಗೊತ್ತಾಗುವುದಿಲ್ಲ. ಅಂಥ ಗಾಡಿಯಲ್ಲಿ, ಮೇ ತಿಂಗಳ ಬಿಸಿಲಲ್ಲಿ, ಅಂಕೋಲೆಯ ತಂಗಿ ಮನೆಗೆ ಹೊರಟಿದ್ದೆವು. ನೆಪ ಮೊಮ್ಮಕ್ಕಳನ್ನು ನೋಡುವುದು. ಅವ್ವನ ಮನಸ್ಸಿನಲ್ಲಿದ್ದದ್ದು ಕರಿ ಇಶಾಡ. 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಈ ಅಂಕೋಲೆ ಮಾವು ಹಣ್ಣಾದ ಮೇಲೆ ಬಹಳ ದಿನ ತಾಳುವುದಿಲ್ಲ, ಹೋಗಿಯೇ ತಿನ್ನಬೇಕು.

ಹುಬ್ಬಳ್ಳಿಯಿಂದ ಅಂಕೋಲೆಗೆ ನೂರಾ ಮೂವತ್ತು ಚಿಲ್ಲರೆ ಕಿಲೋಮೀಟರು. ಕಲಘಟಗಿವರೆಗೆ ಬಯಲು. ಕಿರವತ್ತಿ ಹತ್ತಿರ ಬಂದಂತೆ ಸಾಗವಾನಿ ಕಾಡು ಶುರುವಾಗಿ ಗಾಳಿ ಸ್ವಲ್ಪ ತಣ್ಣಗಾಯಿತು. ಸದ್ದು ಮಾತ್ರ ತಣ್ಣಗಾಗಲಿಲ್ಲ. ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಅದರ ಸ್ವರ ಒಂದೇ. ಡೈನಮೋ, ಬೇರಿಂಗ್ ಇಂಥವಾಗಿದ್ದರೆ ಇಂಜಿನ್ ಏರಿದಂತೆ ತಾವೂ ಏರುತ್ತವೆ. ಇದು ಬ್ಯಾಟರಿಯ ಕರೆಂಟಿನಲ್ಲಿ ತಿರುಗುವ ಪಂಪು, ಇಂಜಿನ್ನಿನ ಓಟಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ನೊಂದು ಗುರುತು ಕೀಲಿ ತಿರುಗಿಸಿದಾಗಿನದು. ಇಂಜಿನ್ ಎಬ್ಬಿಸದೆ ಕೀಲಿಯನ್ನು ಆನ್ ಮಾಡಿ ಬಿಟ್ಟರೆ ಎರಡು ಮೂರು ಸೆಕೆಂಡ್ ಸದ್ದು ಬಂದು ತಾನೇ ನಿಲ್ಲುತ್ತದೆ. ಪೈಪಿನಲ್ಲಿ ಪ್ರೆಷರ್ ತುಂಬಿಕೊಳ್ಳುವ ಸದ್ದು ಅದು. ಹೊಸ ಗಾಡಿಯಲ್ಲಿ ಕಿವಿಗೊಟ್ಟರೆ ಮಾತ್ರ ಕೇಳುತ್ತದೆ. ನಮ್ಮದು ಓಣಿಗೆಲ್ಲ ಕೇಳುತ್ತಿತ್ತು.

ಯಲ್ಲಾಪುರ ಇನ್ನೂ ಹತ್ತು ಕಿಲೋಮೀಟರ್ ಇರುವಾಗ ಗ್ಯಾಸ್ ಮುಗಿಯಿತು. ಹೇಳುವುದು ಮರೆತೆ, ನಮ್ಮದು ಹೊರಗಡೆ ಗ್ಯಾಸ್ ಕಿಟ್ ಹಾಕಿಸಿದ ಗಾಡಿ. ಸ್ವಿಚ್ಚು ಪೆಟ್ರೋಲಿಗೆ ತಿರುಗಿಸಿದೆ. ಗಾಡಿ ಎರಡು ಸಲ ಮುಗ್ಗರಿಸಿತು, ಏರಿನಲ್ಲಿ ಜಗ್ಗಿ ಜಗ್ಗಿ ಓಡಿತು. ಪೆಟ್ರೋಲ್ ಮುಳ್ಳು ಕೆಳಗಿನ ಗೆರೆಗೆ ಅಂಟಿಕೊಂಡಿತ್ತು. ತಿರುವು ಬಂದಾಗಲೆಲ್ಲ 'ಗುಂಯ್' ಇದ್ದದ್ದು 'ಕರ್ರ್' ಆಗುತ್ತಿತ್ತು. ಇದ್ದೆರಡು ಲೀಟರ್ ಒಂದು ಮೂಲೆಗೆ ಸರಿದಾಗ ಪಂಪು ಗಾಳಿ ಎಳೆಯುತ್ತಿತ್ತು.

"ರೀ, ಬಸ್ಸಿಗೆ ಹೋಗೋಣಂತ ನಾ ಹೇಳಿರಲಿಲ್ಲೇನ್ರಿ?" ಅಂದಳು ಹೆಂಡತಿ. ಹೇಳಿದ್ದಳು.

ಯಲ್ಲಾಪುರದ ಬಂಕಿನ ಪಕ್ಕದಲ್ಲೇ ಒಂದು ಗ್ಯಾರೇಜು. ಮೇಸ್ತ್ರಿ ಬಾನೆಟ್ಟನ್ನೂ ಎತ್ತಲಿಲ್ಲ, ಸೀಟನ್ನೂ ಎತ್ತಲಿಲ್ಲ. ಹಿಂದೆ ಬಂದು ಬಗ್ಗಿ, ಕಿವಿಗೊಟ್ಟು ಕೇಳಿದರು. "ಗ್ಯಾಸ್ ಕಿಟ್ ಹಾಕ್ಸಿದ್ದೀರಲ್ಲ ಮಾರಾಯ್ರೆ, ಟ್ಯಾಂಕಲ್ಲಿ ಪೆಟ್ರೋಲ್ ಎಷ್ಟಿಡ್ತೀರಿ?"

"ಒಂದೆರಡು ಲೀಟರ್ ಇರ್ತದ್ರಿ. ಮುಂಜಾನೆ ಚಾಲೂ ಮಾಡ್ಲಿಕ್ಕೆ."

"ಹಾಗಾದ್ರೆ ಕೊಂದಿದ್ದು ನೀವೇ."

ಅವರು ವಿವರಿಸಿದ್ದು ಇಷ್ಟು. ಪಂಪು ಕೂತಿರುವುದು ಪೆಟ್ರೋಲಿನೊಳಗೇ. ಅದನ್ನು ತಣ್ಣಗಿಡುವುದೂ ಪೆಟ್ರೋಲೇ, ಒಳಗಿನ ಸವೆತ ತಡೆಯುವುದೂ ಅದೇ. ನಮ್ಮ ಗಾಡಿಗೆ ಹಾಕಿದಂಥ ಕಿಟ್ಟಿನಲ್ಲಿ ಗ್ಯಾಸಿನ ಮೇಲೆ ಓಡುವಾಗ ಬಂದ್ ಆಗುವುದು ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳು ಮಾತ್ರ. ಪಂಪಿನ ವೈರು ಕತ್ತರಿಸಿರುವುದಿಲ್ಲ. ಅದು ಇಂಜಿನ್ ಓಡುವಷ್ಟು ಹೊತ್ತೂ ಸುಮ್ಮನೆ ತಿರುಗುತ್ತಲೇ ಇರುತ್ತದೆ, ಅದೂ ಖಾಲಿ ಟ್ಯಾಂಕಿನಲ್ಲಿ. ಪೆಟ್ರೋಲ್ ಉಳಿಸಲು ಗ್ಯಾಸ್ ಹಾಕಿಸಿದ ನಾನು ಇಷ್ಟು ವರ್ಷ ಪಂಪನ್ನು ಒಣಗಿಸುತ್ತಿದ್ದೆ. ಈಗಿನ ಶೇ 20 ಎಥೆನಾಲಿನ ಪೆಟ್ರೋಲೇ ಇದಕ್ಕೆಲ್ಲ ಕಾರಣ ಅಂತ ಹುಬ್ಬಳ್ಳಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಹಳೆಯ ರಬ್ಬರು ಪೈಪುಗಳಿಗೆ ಅದು ಒಳ್ಳೆಯದಲ್ಲ ಅನ್ನುವುದು ಸರಿಯೇ, ಆದರೆ ನನ್ನ ಜಿಪುಣತನಕ್ಕೆ ಅದನ್ನು ಹೊಣೆ ಮಾಡುವುದು ಸರಿಯಲ್ಲ.

"ಟ್ಯಾಂಕ್ ಇಳಿಸ್ಬೇಕು. ಪಂಪ್ ಹುಬ್ಬಳ್ಳಿಯಿಂದ್ಲೇ ತರಿಸ್ಬೇಕು. ನಾಳೆ ಸಂಜೆ ಆಗ್ತದೆ. ಹೇಗೂ ಊರಿಗೆ ವಾಪಸ್ ಹೋಗ್ತೀರಲ್ಲ, ಅಲ್ಲೇ ಮಾಡ್ಸಿ. ಅಲ್ಲೀತನಕ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಸ್ಬೇಡಿ, ಬರುವಾಗ ಬಿಸಿಲಲ್ಲಿ ಘಟ್ಟ ಹತ್ತಬೇಡಿ." ಆಮೇಲೆ ಒಂದು ಗೇಣುದ್ದದ ಕಟ್ಟಿಗೆ ತುಂಡು ಕೈಗಿತ್ತರು. "ಸದ್ದು ಬಂದ್ರೆ ಹೆದರ್ಬೇಡಿ. ಸದ್ದು ಬರದಿದ್ರೆ ಟ್ಯಾಂಕಿಗೆ ಕೆಳಗಿನಿಂದ ಇದ್ರಲ್ಲಿ ಮೆಲ್ಲಗೆ ಎರಡು ಕೊಡಿ. ಸುತ್ತಿಗೆ ಬೇಡ."

ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಹದಿನೆಂಟು ಲೀಟರ್ ಹಾಕಿಸಿದೆ. ಬಂಕಿನಿಂದ ಹೊರಗೆ ಬರುವಷ್ಟರಲ್ಲಿ ಸದ್ದು ಅರ್ಧಕ್ಕರ್ಧ ಇಳಿದಿತ್ತು. ಕಿವಿಗೆ ಅಂಥ ಸುಖ ಯಾವ ಸಂಗೀತ ಕಚೇರಿಯಲ್ಲೂ ಸಿಕ್ಕಿಲ್ಲ. ಇಡಗುಂದಿ ದಾಟಿ ಅರಬೈಲು ಇಳಿದೆವು. ಎದುರಿಗೆ ಏದುಸಿರು ಬಿಡುತ್ತ ಹತ್ತುವ ಲಾರಿಗಳ ಸಾಲು, ಕೆಳಗೆ ಹಸಿರು. ಮೇಲೆ ಬೇಡ್ತಿ ಅನ್ನಿಸಿಕೊಂಡು ಮಾಗೋಡಿನಲ್ಲಿ ಧುಮುಕಿ ಬರುವ ಹೊಳೆ ಈ ಕಡೆ ಗಂಗಾವಳಿ ಆಗುತ್ತದೆ. ಮೇ ತಿಂಗಳಲ್ಲಿ ಬಂಡೆಗಳೇ ಹೆಚ್ಚು. ಸುಂಕಸಾಳದಲ್ಲಿ ನಿಲ್ಲಿಸಿ ಅಂತ ಮಕ್ಕಳು ಕೂಗಿದರು, ನಾನು ನಿಲ್ಲಿಸಲಿಲ್ಲ.

ಅಂಕೋಲೆಯ ಎರಡು ದಿನದ ಬಗ್ಗೆ ಬರೆಯುವುದೇನಿಲ್ಲ. ತಿಂದೆವು, ಬೆವೆತೆವು, ಮಲಗಿದೆವು.

ಮೂರನೇ ದಿನ ಬೆಳಗಿನ ನಾಲ್ಕೂವರೆಗೆ, ಎರಡು ಬುಟ್ಟಿ ಇಶಾಡ ಹೇರಿಕೊಂಡು, ಕೀಲಿ ತಿರುಗಿಸಿದೆ. ಸದ್ದಿಲ್ಲ. ಇನ್ನೊಮ್ಮೆ ತಿರುಗಿಸಿದೆ. ಸ್ಟಾರ್ಟರ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಎರಡು ತಿಂಗಳು ಯಾವ ಸದ್ದನ್ನು ಶಪಿಸಿದ್ದೆನೋ ಅದಕ್ಕಾಗಿ ಕಿವಿ ಕಾದುಕೊಂಡು ಕೂತಿತ್ತು. ಲುಂಗಿ ಎತ್ತಿ ಕಟ್ಟಿ ಗಾಡಿಯ ಕೆಳಗೆ ತೂರಿದೆ. ತಂಗಿಯ ಗಂಡ ಮೊಬೈಲ್ ಬೆಳಕು ಹಿಡಿದರು, ಹೆಂಡತಿ ಕೀಲಿ ಹಿಡಿದಳು. ಟಕ್, ಟಕ್. ಏನಿಲ್ಲ. ಮೂರನೇ ಏಟಿಗೆ 'ಗುಂಯ್!'

"ಬಂತು ನೋಡು ದುಂಬಿ," ಅಂದಳು ಅವ್ವ ಒಳಗಿನಿಂದ.

ಮತ್ತೆ ಇಂಜಿನ್ ಬಂದ್ ಮಾಡುವ ಧೈರ್ಯ ನನಗಿರಲಿಲ್ಲ. ಬಾಳೆಗುಳಿ ಕ್ರಾಸ್ ದಾಟಿ, ನಸುಕಿನಲ್ಲೇ ಘಟ್ಟ ಹತ್ತಿದೆವು. ತುಂಬಿದ ಟ್ಯಾಂಕು, ತಂಪು ಗಾಳಿ, ಎರಡನೇ ಗೇರು. ಒಮ್ಮೆಯೂ ಜಗ್ಗಲಿಲ್ಲ. ಇಡಗುಂದಿಯಲ್ಲಿ ಚಹಾದಂಗಡಿ ಆಗಷ್ಟೇ ಬಾಗಿಲು ತೆರೆದಿತ್ತು. ಇಂಜಿನ್ ಚಾಲೂ ಇಟ್ಟು, ನಾನು ಸೀಟಿನಲ್ಲೇ ಕೂತು, ಕಿಟಕಿಯಿಂದ ಚಹಾ ತರಿಸಿಕೊಂಡು ಕುಡಿದೆ. ಅಂಗಡಿಯವ ನನ್ನನ್ನು ಯಾವುದೋ ಕೇಸಿನಲ್ಲಿ ತಪ್ಪಿಸಿಕೊಂಡು ಓಡುತ್ತಿರುವವನಂತೆ ನೋಡಿದ.

ಹುಬ್ಬಳ್ಳಿ ಮುಟ್ಟಿದವನೇ ಮನೆಗೆ ಹೋಗದೆ ಗ್ಯಾರೇಜಿಗೆ ಹೋದೆ. ಟ್ಯಾಂಕ್ ಇಳಿಸಿ ಪಂಪು ಹೊರತೆಗೆದಾಗ ಅದರ ಬುಡದ ಜಾಳಿಗೆ ಕರಿ ಅಂಟಿನಿಂದ ಮುಚ್ಚಿಹೋಗಿತ್ತು. ಎಷ್ಟೋ ವರ್ಷದಿಂದ ತಳದಲ್ಲಿ ಕೂತ ಕೊಳೆಯನ್ನೇ ಅದು ಎಳೆಯುತ್ತಿತ್ತು. ಹೊಸ ಪಂಪು, ಹೊಸ ಜಾಳಿಗೆ, ಜೊತೆಗೆ ಗ್ಯಾಸಿಗೆ ಹೋದಾಗ ಪಂಪಿನ ಕರೆಂಟ್ ಕಡಿಯುವ ಒಂದು ರಿಲೇ. ಆ ರಿಲೇಗೆ ಹೋದದ್ದು ಕೆಲವೇ ನೂರು ರೂಪಾಯಿ. ಕಿಟ್ ಹಾಕುವ ದಿನವೇ ಅದನ್ನೇಕೆ ಹಾಕಲಿಲ್ಲ ಅಂತ ಕೇಳಿದೆ. "ನೀವು ಕೇಳ್ಲಿಲ್ಲಲ್ರಿ ಸಾಹೇಬ್ರ," ಅಂದ ಹುಡುಗ.

ಅಷ್ಟರಲ್ಲಿ ಮುಂದಿನ ಸೀಟಿನ ಹಿಂದೆ, ಇಂಜಿನ್ನಿನ ಕಾವಿಗೆ ಇಟ್ಟಿದ್ದ ಬುಟ್ಟಿಯ ಕಾಯಿಗಳೆಲ್ಲ ಒಮ್ಮೆಲೇ ಹಣ್ಣಾಗಿ ಗ್ಯಾರೇಜು ತುಂಬ ಘಮಘಮ. ನಾಲ್ಕು ಹಣ್ಣು ತೆಗೆದು ಹುಡುಗನಿಗೆ ಕೊಟ್ಟೆ. ಪೆಟ್ರೋಲ್ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅಲ್ಲೇ ಒಂದನ್ನು ಹಿಚುಕಿ ಚೀಪಿದ, ಗೊರಟೆಯನ್ನು ಹಳೇ ಪಂಪಿದ್ದ ಡಬ್ಬಿಗೆ ಒಗೆದ.