ನನ್ನ ಬಾಳೆ ಕಾಯೋಕೆ ಯಾರು ಬಂದಿದ್ರು?

ಮಂಗಳವಾರ ಬೆಳಗ್ಗೆ ಮಾವ ಕೇಳಿದ ಮಾತು ಶನಿವಾರವಾದರೂ ಕಿವಿಯಲ್ಲೇ ಕೂತಿದೆ.

"ಕಾಡ್ ಕಾಯಕ್ಕ ನಿಂಗ ಕೂಲಿ ಕೊಡ್ತರ ಕನ್ಲಾ. ನನ್ ಬಾಳ ಕಾಯಕ್ಕ ಯಾರ್ಲಾ ಬಂದಿದ್ರು?"

ಬಂಡೀಪುರದ ಕಾಡಂಚಿನಲ್ಲಿ ನಾನು ಫೈರ್ ವಾಚರ್, ಅಂದರೆ ಕಾಡಿಗೆ ಬೆಂಕಿ ಬೀಳದಂತೆ ಕಾಯುವವನು, ಆಗಿ ಸೇರಿ ಅವತ್ತಿಗೆ ಒಂಬತ್ತು ದಿನ. ಮಳೆ ಹಿಡಿಯುವವರೆಗೆ ಮಾತ್ರ ಇರುವ ಕೆಲಸ. ಡಿಗ್ರಿ ಮುಗಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಇದೇ.

ಬೆಂಕಿ ಆರಿಸುವುದೇ ಕೆಲಸ ಅಂದುಕೊಂಡಿದ್ದೆ. ಹೊತ್ತು ಜಾಸ್ತಿ ಹೋಗುವುದು ಗುಡಿಸುವುದಕ್ಕೆ. ಫೈರ್ ಲೈನ್ ಅಂದರೆ ಹುಲ್ಲು ಸವರಿ, ಒಣಗಿಸಿ, ಗಾಳಿ ಇಲ್ಲದ ಹೊತ್ತು ನೋಡಿ ಮೊದಲೇ ಸುಟ್ಟಿಟ್ಟ ಬರಿ ನೆಲದ ಪಟ್ಟಿ. ಒಂದು ಕಡೆ ಬೆಂಕಿ ಬಿದ್ದರೆ ಇನ್ನೊಂದು ಕಡೆಗೆ ದಾಟಬಾರದು ಅಂತ. ಆದರೆ ತೇಗ, ದಿಂಡಿಗ ಎಲೆ ಉದುರಿಸುವುದೂ ಇದೇ ದಿನಗಳಲ್ಲಿ. ಎರಡು ದಿನ ಬಿಟ್ಟರೆ ಲೈನ್ ಮೇಲೆ ಮತ್ತೆ ಹಾಸಿಗೆ. ತೇಗದ ಒಣ ಎಲೆ ತುಳಿದರೆ ಹಪ್ಪಳ ಮುರಿದ ಹಾಗೆ ಸದ್ದು. ಬೆಂಕಿ ಆ ಎಲೆಗಳನ್ನೇ ಹಿಡಿದು ಈಚೆಗೆ ಬರುತ್ತದೆ. ಅದಕ್ಕೇ ಅಂಗಳ ಗುಡಿಸಿದ ಹಾಗೆ ದಿನಾ ಗುಡಿಸುತ್ತೇವೆ.

ನಮ್ಮ ತಂಡದಲ್ಲಿ ಹದಿನೈದು ಬೇಸಿಗೆ ಕಂಡ ಅಣ್ಣ ಒಬ್ಬರಿದ್ದಾರೆ. ಮಾತು ಕಡಿಮೆ. ಮರದ ಅರ್ಧದವರೆಗೆ ಹಬ್ಬಿದ ಲಂಟಾನ ಪೊದೆ ತೋರಿಸಿ, "ನೆಲದ ಬೆಂಕಿಗೆ ಇದೇ ಏಣಿ" ಅಂದರು. ನೆಲದಲ್ಲೇ ಹರಿದು ಹೋಗುವ ಬೆಂಕಿಯನ್ನು ಮತ್ತಿಯಂಥ ದಪ್ಪ ತೊಗಟೆಯ ಮರ ತಡೆದುಕೊಳ್ಳುತ್ತದೆ. ಲಂಟಾನ ಹತ್ತಿ ನೆತ್ತಿಗೆ ಹೋದರೆ ಕಷ್ಟ. ಓದಿದವನು ನಾನು, ಇಷ್ಟು ಸಲೀಸಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮಂಗಳವಾರ ಆನೆ ಕಂದಕದ ಪಕ್ಕದ ಲೈನ್ ಗುಡಿಸುತ್ತಿದ್ದೆವು. ಆಚೆ ಬದಿಯಲ್ಲಿ ಮಾವ ದನ ಮೇಯಿಸುತ್ತಿದ್ದ. ನಾನು ಖುಷಿಯಿಂದ ಕೈ ಎತ್ತಿದೆ. ಅವನು ನಗಲಿಲ್ಲ. ಹಿಂದಿನ ವಾರ ಕಂದಕ ಕುಸಿದಿದ್ದ ಕಡೆಯಿಂದ ಆನೆ ದಾಟಿ ಅವನ ಬಾಳೆ ತೋಟಕ್ಕೆ ನುಗ್ಗಿದ್ದವು. ಗೊನೆ ಹಾಕಿದ್ದ ಗಿಡಗಳು. ಆಗಲೇ ಆ ಮಾತು ಕೇಳಿದ್ದು. ಕೇಳಿ ಬೀಡಿ ತೆಗೆದ, ನನ್ನನ್ನೇ ನೋಡುತ್ತಾ ಕಡ್ಡಿ ಗೀರಿದ. ಅವನ ಕಾಲ ಬುಡದಲ್ಲೇ ಮೊಣಕಾಲೆತ್ತರ ಒಣ ಹುಲ್ಲು. ನನ್ನ ಕೈಯಲ್ಲಿದ್ದ ಪೊರಕೆ ನಿಂತುಹೋಯಿತು. ಬೀಡಿ ಹತ್ತಿಸಿಕೊಂಡ. ಕಡ್ಡಿ ಆರಿಸಿದ. ಅದರ ತಲೆಯನ್ನು ಬೆರಳಲ್ಲಿ ತಿಕ್ಕಿ, ಬಿಸಿ ಹೋಯಿತಾ ನೋಡಿ, ಅಂಗಿ ಜೇಬಿಗೆ ಹಾಕಿಕೊಂಡ. ದನ ಹೊಡೆದುಕೊಂಡು ಹೋದ.

ಅವನು ಕೇಳಿದ್ದು ಎಷ್ಟು ಸಲ ನೆನಪಾಗುತ್ತದೋ, ಆ ಕಡ್ಡಿ ಜೇಬಿಗೆ ಹೋದದ್ದೂ ಅಷ್ಟೇ ಸಲ ಕಣ್ಣಮುಂದೆ ಬರುತ್ತದೆ.

2019ರ ಫೆಬ್ರವರಿಯಲ್ಲಿ ನಾನಿನ್ನೂ ಹೈಸ್ಕೂಲು. ಗೋಪಾಲಸ್ವಾಮಿ ಬೆಟ್ಟದ ಕಡೆ ಹೊಗೆ ಎದ್ದು ದಿನಗಟ್ಟಲೆ ಇಳಿಯಲಿಲ್ಲ. ಸುಮಾರು 10,000 ಎಕರೆ ಸುಟ್ಟಿತು, ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿದವು. ಅದಕ್ಕೆ ಎರಡು ವರ್ಷ ಮುಂಚೆ, 2017ರಲ್ಲಿ, ಇದೇ ಕಾಡಿನಲ್ಲಿ ಬೆಂಕಿ ಆರಿಸಲು ಹೋದ ಗಾರ್ಡ್ ಒಬ್ಬರು ತೀರಿಕೊಂಡರು. ಈ ಕಾಡಿಗೆ ಬೆಂಕಿ ತಾನಾಗಿ ಬೀಳುವುದು ತೀರಾ ಅಪರೂಪ. ಯಾರದೋ ಕೈಯಿಂದಲೇ ಬೀಳುವುದು. ಮೈಮರೆತು ಬಿಸಾಕಿದ ಬೀಡಿ ಇರಬಹುದು, ಸಿಟ್ಟೂ ಇರಬಹುದು. ಹಾಗೆ ಬೆಂಕಿ ಹಾಕುವವರನ್ನು ಹಿಡಿದು ಒಳಗೆ ಹಾಕಬೇಕು ಅಂತ ನಾನೂ ಜೋರಾಗಿ ಹೇಳುತ್ತಿದ್ದವನೇ. ಈಗಲೂ ಅದು ತಪ್ಪು ಅಂತ ಅನಿಸುವುದಿಲ್ಲ. ಆದರೆ ಮಾವನಿಗೆ ಅವತ್ತು ಸಿಟ್ಟಿತ್ತು, ಕೈಯಲ್ಲಿ ಕಡ್ಡಿ ಇತ್ತು, ಕಾಲ ಬುಡದಲ್ಲಿ ಹುಲ್ಲೂ ಇತ್ತು. ಆದರೂ ಕಡ್ಡಿಯನ್ನು ಜೇಬಿಗೆ ಹಾಕಿಕೊಂಡ. ಅವನಿಗೆ ಯಾರೂ ಕೂಲಿ ಕೊಡುವುದಿಲ್ಲ. ಅಂಥವರು ಕಾಡಂಚಿನ ಪ್ರತಿ ಊರಿನಲ್ಲೂ ಇದ್ದಾರೆ ಅಲ್ವಾ? ಅವರನ್ನು ನಾವು ಲೆಕ್ಕಕ್ಕೇ ಇಟ್ಟಿಲ್ಲ.

ಅಣ್ಣನಿಗೆ ಹೇಳಿಕೊಂಡೆ. ಗುಡಿಸುವುದು ನಿಲ್ಲಿಸದೆ, "ತೋಟಕ್ಕ ಹೋಗಿ ನೋಡ್ದಾ?" ಅಂತ ಮಾತ್ರ ಕೇಳಿದರು. ನೋಡಿರಲಿಲ್ಲ. ಅರ್ಧ ಮೈಲಿ ದೂರದಲ್ಲಿರುವ ಸ್ವಂತ ಮಾವನ ತೋಟ.

ನಿನ್ನೆ ಸಂಜೆ ಹೋದೆ. ಬಾಳೆ ದಿಂಡುಗಳನ್ನು ಆನೆ ಸಿಗಿದು ಹಾಕಿದ್ದವು, ಹನಿ ನೀರಾವರಿ ಪೈಪು ತುಳಿದು ಚಪ್ಪಟೆಯಾಗಿತ್ತು. ಪರಿಹಾರಕ್ಕೆ ಮಾವ ಅರ್ಜಿಯನ್ನೇ ಹಾಕಿರಲಿಲ್ಲ. ಬಿದ್ದ ಗಿಡ ಎಣಿಸಿದೆವು, 63. ಒಂದೊಂದರ ಫೋಟೋ ತೆಗೆದೆ. ಅತ್ತೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ತಂದು ಜಗಲಿಯಲ್ಲಿಟ್ಟರು. ಅರ್ಜಿ ತುಂಬುವಾಗ ಮಾವ ಪಕ್ಕದಲ್ಲಿ ಟಾರ್ಚ್ ಹಿಡಿದು ಕೂತಿದ್ದ. ಅವನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಅವನೂ ಮತ್ತೆ ಕೇಳಲಿಲ್ಲ.

ಹೊರಡುವಾಗ ಬಾಗಿಲಿಗೆ ಬಂದು ಹೇಳಿದ: "ಹಳ್ಳದ ಮಗ್ಗುಲ್ಲಿ ಎಲ ಜಾಸ್ತಿ ಬಿದ್ದದ ಕನ್ಲಾ. ನಾಳ ಮೊದ್ಲು ಅಲ್ಲಿ ಗುಡ್ಸಿ."