ಪೈನ್ ಸ್ಟ್ರೀಟಿನ ಆರೋಗ್ಯ ಕೇಂದ್ರ

ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿಬಂದವರು ಸಾಮಾನ್ಯವಾಗಿ ಬರೆಯುವ ಹೆಚ್ಚಿನ ಸಂಗತಿಗಳನ್ನು ನಾನಿಲ್ಲಿ ಬಿಟ್ಟಿದ್ದೇನೆ. ಅರಮನೆ, ಸೇತುವೆ, ವಸ್ತುಸಂಗ್ರಹಾಲಯ ಎಲ್ಲವನ್ನೂ ನೋಡಿದೆವು. ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಸ್ಥಾಪನೆಗೊಂಡ ಬಸವೇಶ್ವರರ ಪ್ರತಿಮೆಯ ಎದುರು ಕೈಮುಗಿದು ನಿಂತಾಗ ಕಣ್ಣು ತುಂಬಿ ಬಂದದ್ದೂ ನಿಜ. ಆದರೆ ನಾನು ನಗರಸಭೆಯೊಂದರಲ್ಲಿ ಆರೋಗ್ಯ ನಿರೀಕ್ಷಕನಾಗಿ ಕೆಲಸ ಮಾಡಿ ನಿವೃತ್ತನಾದವನು. ಚರಂಡಿ, ಬ್ಲೀಚಿಂಗ್ ಪೌಡರು, ಕಲಬೆರಕೆ ಹಾಲಿನ ಮಾದರಿ, ಜನನ ಮರಣದ ರಿಜಿಸ್ಟರು ಇವುಗಳ ನಡುವೆಯೇ ಆಯುಷ್ಯ ಕಳೆದವನಿಗೆ ಆ ಮಹಾನಗರದಲ್ಲಿ ನೋಡಲೇಬೇಕೆನಿಸಿದ್ದು ಫಿನ್ಸ್‌ಬರಿ ಎಂಬ ಬಡಾವಣೆಯ ಒಂದು ಹಳೆಯ ಕಟ್ಟಡ.

ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಫಿನ್ಸ್‌ಬರಿ ತನ್ನದೇ ಆದ ಪೌರಸಭೆಯಿದ್ದ ಬರೋ, ಅಂದರೆ ಲಂಡನ್ನಿನ ಒಂದು ಆಡಳಿತ ವಿಭಾಗ, ಆಗಿತ್ತು. 1965ರಲ್ಲಿ ಅದು ಇಸ್ಲಿಂಗ್ಟನ್ ಬರೋದೊಳಗೆ ಸೇರಿಹೋಯಿತು. ಒಂದು ಚದರ ಮೈಲಿಗೂ ಕಡಿಮೆ ಜಾಗದಲ್ಲಿ 1931ರ ಜನಗಣತಿಯ ಪ್ರಕಾರ ಸುಮಾರು 70,000 ಜನ ವಾಸವಾಗಿದ್ದರು. ಲಂಡನ್ನಿನ ಬರೋಗಳ ಆರೋಗ್ಯಾಧಿಕಾರಿಗಳು ವರ್ಷವರ್ಷವೂ ಬರೆದ ವರದಿಗಳು ಯೂಸ್ಟನ್ ರಸ್ತೆಯ ವೆಲ್‌ಕಮ್ ಸಂಗ್ರಹಾಲಯದಲ್ಲಿವೆ, ಅಂತರ್ಜಾಲದಲ್ಲಿಯೂ ಉಚಿತವಾಗಿ ಓದಲು ಸಿಗುತ್ತವೆ. ಹೊರಡುವ ಮುನ್ನ ನಾನು ಅವುಗಳನ್ನು ರಾತ್ರಿ ಬಹಳ ಹೊತ್ತಿನ ತನಕ ಓದುತ್ತಿದ್ದೆ. ಶಿಶುಮರಣ, ಕ್ಷಯ, ಗಂಟಲಮಾರಿ, ನೆಲಮಾಳಿಗೆಯ ತೇವದ ಕೋಣೆಗಳು, ಇಲಿಗಳ ಕಾಟ, ತಿಗಣೆ ಹತ್ತಿದ ಮನೆಗಳು, ಚಿಮಣಿಗಳ ಹೊಗೆ, ಪರೀಕ್ಷೆಗೆ ಕಳಿಸಿದ ಹಾಲು ಬೆಣ್ಣೆಗಳ ಪಟ್ಟಿ: ನಮ್ಮ ಕಚೇರಿಯಲ್ಲಿ ನಾನೇ ಭರ್ತಿ ಮಾಡುತ್ತಿದ್ದ ನಮೂನೆಗಳ ಹಿರಿಯ ಪೀಳಿಗೆಯೇ ಅಲ್ಲಿತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಿಬಿಡುತ್ತೇನೆ, ಏಕೆಂದರೆ ಅದರ ಕಹಿ ಇನ್ನೂ ಹೋಗಿಲ್ಲ. ಹಳೆಯ ಲಂಡನ್ನಿನ ಬಡವರ ಬೀದಿಗಳನ್ನು ಕಾಲ್ನಡಿಗೆಯಲ್ಲಿ ತೋರಿಸುತ್ತೇವೆಂದು ಮುಂಗಡ ಹಣ ಪಡೆದ ಒಂದು ಸಂಸ್ಥೆಯ ಮಾರ್ಗದರ್ಶಿ ಹೇಳಿದ ಜಾಗಕ್ಕೆ ಬರಲೇ ಇಲ್ಲ. ಮಳೆಯಲ್ಲಿ ಕಾದು ನಿಂತ ನನ್ನ ಪತ್ನಿಗೆ ಜ್ವರ ಬಂತು, ಹಣವೂ ಮರಳಲಿಲ್ಲ. ಈ ಪ್ರದೇಶಕ್ಕೆ ಯಾರ ಮಾರ್ಗದರ್ಶನವೂ ಬೇಕಿಲ್ಲ. ಫ್ಯಾರಿಂಗ್ಡನ್ ನಿಲ್ದಾಣದಲ್ಲಿ ಇಳಿದು ಎಕ್ಸ್‌ಮತ್ ಮಾರ್ಕೆಟಿನ ಕಡೆಗೆ ನಡೆದರೆ ಅದರ ಹಿಂಬದಿಯಲ್ಲಿಯೇ ಪೈನ್ ಸ್ಟ್ರೀಟ್ ಸಿಗುತ್ತದೆ. ಅಲ್ಲಿನ ಆರೋಗ್ಯ ಕೇಂದ್ರ ಇಂದಿಗೂ ರೋಗಿಗಳು ಬಂದುಹೋಗುವ ಜಾಗವಾದ್ದರಿಂದ ವಾರದ ದಿನಗಳಲ್ಲಿ ಹೋಗಬೇಕು, ಒಳಗೆ ಕ್ಯಾಮೆರಾ ತೆಗೆಯಬಾರದು.

ಫಿನ್ಸ್‌ಬರಿ ಆರೋಗ್ಯ ಕೇಂದ್ರ 1938ರ ಅಕ್ಟೋಬರಿನಲ್ಲಿ ತೆರೆಯಿತು. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಹುಟ್ಟಿದ್ದು 1948ರ ಜುಲೈ 5ರಂದು. ಅಂದರೆ ದೇಶಕ್ಕಿಂತ ಸುಮಾರು ಹತ್ತು ವರ್ಷ ಮೊದಲೇ ಒಂದು ಬಡ ಪೌರಸಭೆ ಈ ಕೆಲಸಕ್ಕೆ ಕೈಹಾಕಿತ್ತು. 1911ರ ವಿಮಾ ಕಾನೂನಿನಿಂದ ದುಡಿಯುವವನಿಗೆ ವೈದ್ಯರ ಚಿಕಿತ್ಸೆ ಸಿಗುತ್ತಿತ್ತು, ಅವನ ಹೆಂಡತಿ ಮಕ್ಕಳಿಗೆ ಸಿಗುತ್ತಿರಲಿಲ್ಲ. ಬಾಣಂತಿಯರ ಮತ್ತು ಶಿಶುಗಳ ಆರೈಕೆ, ಕ್ಷಯದ ತಪಾಸಣೆ, ಹಲ್ಲಿನ ಚಿಕಿತ್ಸೆ, ಇವು ಬೇರೆಬೇರೆ ಕಡೆ ಇಕ್ಕಟ್ಟಿನ ಕೋಣೆಗಳಲ್ಲಿ ನಡೆಯುತ್ತಿದ್ದವು. ಅವೆಲ್ಲವನ್ನೂ ಒಂದೇ ಸೂರಿನಡಿ ತಂದು, ಪಾದಗಳ ಚಿಕಿತ್ಸೆ, ಕೃತಕ ಬಿಸಿಲಿನ ದೀಪಗಳ ಕೋಣೆ, ಉಪನ್ಯಾಸ ಮಂದಿರ, ಕೆಳ ಅಂತಸ್ತಿನಲ್ಲಿ ಬಟ್ಟೆ ಹಾಸಿಗೆಗಳನ್ನು ಕ್ರಿಮಿಮುಕ್ತ ಮಾಡುವ ವ್ಯವಸ್ಥೆ, ಮನೆಗೆ ಔಷಧಿ ಹೊಗೆ ಹಾಕುವಾಗ ಸಂಸಾರ ಉಳಿದುಕೊಳ್ಳಲು ಕೋಣೆಗಳು, ಇಷ್ಟನ್ನೂ ಸೇರಿಸಿದ್ದರು. ಈ ಕೊನೆಯ ವ್ಯವಸ್ಥೆಯ ಬಗ್ಗೆ ಓದಿದಾಗಲೇ ಆ ಪೌರಸಭೆಯವರ ಮೇಲೆ ನನಗೆ ಗೌರವ ಹುಟ್ಟಿತು. ಮನೆ ಖಾಲಿ ಮಾಡಿ ಎಂದು ನೋಟಿಸು ಕೊಡುವುದು ಸುಲಭ. ಆ ರಾತ್ರಿ ಮಕ್ಕಳು ಎಲ್ಲಿ ಮಲಗಬೇಕೆಂದು ಯೋಚಿಸುವ ಕಚೇರಿಗಳು ನನ್ನ ಅನುಭವದಲ್ಲಿ ಬಹಳ ವಿರಳ.

ಕಟ್ಟಡವನ್ನು ವಿನ್ಯಾಸ ಮಾಡಿದವರು ಜಾರ್ಜಿಯಾದ ಟಿಬಿಲಿಸಿಯಲ್ಲಿ ಹುಟ್ಟಿ, 1931ರಲ್ಲಿ ಲಂಡನ್ನಿಗೆ ಬಂದ ಬರ್ಥೋಲ್ಡ್ ಲುಬೆಟ್ಕಿನ್ ಮತ್ತು ಟೆಕ್ಟಾನ್ ಎಂಬ ಅವರ ವಾಸ್ತುಶಿಲ್ಪಿಗಳ ಬಳಗ. ನಡುವಿನ ಭಾಗದ ಗೋಡೆ ಬಹುಪಾಲು ಗಾಜಿನ ಇಟ್ಟಿಗೆಯದು, ಎರಡೂ ಪಾರ್ಶ್ವಗಳು ಬಂದವರನ್ನು ಬರಮಾಡಿಕೊಳ್ಳಲು ಚಾಚಿದ ತೋಳುಗಳಂತೆ ಓರೆಯಾಗಿ ತೆರೆದುಕೊಂಡಿವೆ. ನೀರು, ವಿದ್ಯುತ್ತಿನ ಕೊಳವೆಗಳನ್ನು ಹೊರಗೋಡೆಯ ಫಲಕಗಳ ಹಿಂದೆ ಹಾಯಿಸಿರುವುದರಿಂದ ಮುಂದೆ ವೈದ್ಯಕೀಯ ಬದಲಾದಂತೆ ಒಳಗೋಡೆಗಳನ್ನು ಸರಿಸಿಕೊಳ್ಳಬಹುದು. ಹೊಸ ಕುಡಿಯುವ ನೀರಿನ ಪೈಪಿಗಾಗಿ ಆಗಷ್ಟೇ ಕಟ್ಟಿದ ಗೋಡೆಯನ್ನು ಅಗೆಸಿದ ಎಷ್ಟೋ ಪ್ರಸಂಗಗಳನ್ನು ಕಂಡ ನನಗೆ ಈ ದೂರದೃಷ್ಟಿ ಯಾವ ಶಿಲ್ಪದ ಅಲಂಕಾರಕ್ಕಿಂತಲೂ ಹೆಚ್ಚು ಸುಂದರವಾಗಿ ಕಂಡಿತು. ಸಾಮಾನ್ಯ ಜನರಿಗೆ ಎಷ್ಟು ಒಳ್ಳೆಯದನ್ನು ಕೊಟ್ಟರೂ ಅದು ಅತಿಯಾಗದು ಎಂಬುದು ಲುಬೆಟ್ಕಿನ್ ಅವರ ನಿಲುವು. ಇಂದು ಹೊರಗೋಡೆಯ ಕೆಲವು ಕಡೆ ಬಣ್ಣ ಮಾಸಿದೆ; ಅತ್ಯುನ್ನತ ದರ್ಜೆಯ ಸಂರಕ್ಷಿತ ಕಟ್ಟಡಕ್ಕೆ ಇನ್ನೂ ಹೆಚ್ಚಿನ ಆರೈಕೆ ಸಲ್ಲಬೇಕೆಂದು ನನಗನ್ನಿಸಿತು.

ಒಳಗಿನ ಹಜಾರದಲ್ಲಿ ಪಾದದ ಚಿಕಿತ್ಸೆಗೆ ಬಂದು ಕುಳಿತಿದ್ದ ವೃದ್ಧೆಯೊಬ್ಬರು ನಾನು ಸೂರು, ಗೋಡೆಗಳನ್ನು ನೋಡುತ್ತಿದ್ದುದನ್ನು ಗಮನಿಸಿ ತಾವಾಗಿಯೇ ಮಾತಿಗೆಳೆದರು. ಎಂಬತ್ತು ದಾಟಿದವರು, ಹತ್ತಿರದ ಬೀದಿಯಲ್ಲಿಯೇ ಹುಟ್ಟಿ ಬೆಳೆದವರು.

“ಈ ಕಟ್ಟಡ ನೋಡಲು ಭಾರತದಿಂದ ಬಂದಿರಾ? ನಮ್ಮಮ್ಮ ಮೊದಲ ಸಲ ಇಲ್ಲಿಗೆ ಬಂದಾಗ ನೆಲದ ಹೊಳಪು ನೋಡಿ ಬಾಗಿಲಲ್ಲೇ ನಿಂತುಬಿಟ್ಟಿದ್ದಳಂತೆ. ನರ್ಸು ಬಂದು, ಎಲ್ಲಿ ಬೇಕಾದರೂ ಕುಳಿತುಕೊಳ್ಳಿ ಅಂದಳಂತೆ. ಸಾಲಿನಲ್ಲಿ ನಿಲ್ಲಿ ಅನ್ನಲಿಲ್ಲವಲ್ಲ ಅಂತ ಅವಳಿಗೆ ಕೊನೆತನಕ ಆಶ್ಚರ್ಯ.”

ಅವರ ಅಣ್ಣನಿಗೆ, ಬಿಸಿಲಿನಿಂದ ದೊರೆಯುವ ಡಿ ವಿಟಮಿನ್ ಸಾಲದೆ ಬರುವ ರಿಕೆಟ್ಸ್ ರೋಗವಾಗಿ ಕಾಲಿನ ಎಲುಬು ಬಾಗಿತ್ತು. ಬರೀ ಚಡ್ಡಿಯಲ್ಲಿ, ಕಣ್ಣಿಗೆ ಕಪ್ಪು ಕನ್ನಡಕ ಕಟ್ಟಿಕೊಂಡು, ಮಕ್ಕಳೆಲ್ಲ ದೀಪದ ಸುತ್ತ ಕೂರುತ್ತಿದ್ದರಂತೆ. ಹಗಲು ಹೊತ್ತಿನಲ್ಲಿಯೂ ಕಲ್ಲಿದ್ದಲಿನ ಹೊಗೆ ಸೂರ್ಯನನ್ನು ಮುಚ್ಚುತ್ತಿದ್ದ ಊರಿನಲ್ಲಿ ಬಿಸಿಲನ್ನೂ ಪೌರಸಭೆಯೇ ಒದಗಿಸಬೇಕಾಗಿತ್ತು.

ನಾನು ತಿಗಣೆಯ ವಿಷಯ ಕೇಳಿದೆ. ಅವರು ಧ್ವನಿ ತಗ್ಗಿಸಿದರು.

“ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಂಚದ ಸಂದಿಗಳಿಗೆ ಮೇಣದಬತ್ತಿ ಹಿಡಿಯುತ್ತಿದ್ದರು. ಗೋಡೆಯ ಕಾಗದ ಕಿತ್ತರೆ ಹಿಂದೆ ಸಾಲುಸಾಲು. ಎಷ್ಟು ಉಜ್ಜಿದರೂ ಪಕ್ಕದ ಮನೆಯಿಂದ ಮತ್ತೆ ಬರುತ್ತಿದ್ದವು. ಪೌರಸಭೆಯ ಗಾಡಿ ಮನೆ ಮುಂದೆ ನಿಂತರೆ ಅಮ್ಮನಿಗೆ ಅವಮಾನ. ಕೊಳಕು ನಮ್ಮದಲ್ಲ, ಮನೆಯದು ಅಂತ ಇಲ್ಲಿನವರು ಹೇಳಿದ ಮೇಲೆ ಅವಳು ಅಳುವುದನ್ನು ನಿಲ್ಲಿಸಿದಳಂತೆ.”

ನಮ್ಮಲ್ಲಿಯೂ ಮಂಚದ ಕಾಲುಗಳ ಕೆಳಗೆ ಸೀಮೆಎಣ್ಣೆಯ ಬಟ್ಟಲು ಇಡುತ್ತಿದ್ದೆವು, ಕುದಿಯುವ ನೀರು ಹೊಯ್ದು ಬಿಸಿಲಿಗೆ ಹಾಕುತ್ತಿದ್ದೆವು ಎಂದೆ. ಅವರು ನನ್ನ ಕೈಹಿಡಿದು, “ಹಾಗಾದರೆ ನಿಮಗೆ ಗೊತ್ತು” ಎಂದರು. ಅಷ್ಟರಲ್ಲಿ ಅವರ ಹೆಸರು ಕೂಗಿದರು.

ಅವರಿಗೆ ನಾನು ಹೇಳಬೇಕೆಂದಿದ್ದ ಮಾತೊಂದು ಉಳಿದುಹೋಯಿತು. ಆ ಕೇಂದ್ರಕ್ಕಾಗಿ ಪೌರಸಭೆಯೊಳಗೆ ದುಡಿದವರು ಪಂಜಾಬಿನಲ್ಲಿ ಹುಟ್ಟಿ, ಲಾಹೋರಿನಲ್ಲಿ ವೈದ್ಯಕೀಯ ಓದಿ, 1927ರಲ್ಲಿ ಇಂಗ್ಲೆಂಡಿಗೆ ಹೋದ ಡಾ. ಚುನಿಲಾಲ್ ಕಟಿಯಾಲ್. 1931ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಮತ್ತು ಚಾರ್ಲಿ ಚಾಪ್ಲಿನ್ ಭೇಟಿಯಾದದ್ದು ಕ್ಯಾನಿಂಗ್ ಟೌನಿನ ಇವರ ಮನೆಯಲ್ಲಿ. 1934ರಲ್ಲಿ ಲೇಬರ್ ಪಕ್ಷ ಫಿನ್ಸ್‌ಬರಿಯನ್ನು ಗೆದ್ದಾಗ ಸದಸ್ಯರಾಗಿ, ಸಾರ್ವಜನಿಕ ಆರೋಗ್ಯ ಸಮಿತಿಯ ಅಧ್ಯಕ್ಷರಾಗಿ, 1938ರಲ್ಲಿ ಮೇಯರ್ ಆದರು; ಬ್ರಿಟನ್ನಿನಲ್ಲಿ ದಕ್ಷಿಣ ಏಷ್ಯಾ ಮೂಲದ ಮೊದಲ ಮೇಯರ್ ಅವರೇ. ಸ್ವಾತಂತ್ರ್ಯದ ನಂತರ 1948ರಲ್ಲಿ ಭಾರತಕ್ಕೆ ಬಂದು, ನಾವೆಲ್ಲರೂ ಇಎಸ್ಐ ಎಂದು ಕರೆಯುವ ನೌಕರರ ರಾಜ್ಯ ವಿಮಾ ನಿಗಮದ ಮಹಾನಿರ್ದೇಶಕರಾದರು. ಅವರ ಅವಧಿಯಲ್ಲಿಯೇ, 1952ರ ಫೆಬ್ರವರಿಯಲ್ಲಿ, ಕಾನ್ಪುರ ಮತ್ತು ದೆಹಲಿಯಲ್ಲಿ ಆ ಯೋಜನೆ ಆರಂಭವಾಯಿತು. ಈ ಯೋಜನೆಯಲ್ಲಿ ನಮ್ಮ ಕಾರ್ಮಿಕನ ಹೆಂಡತಿ ಮಕ್ಕಳಿಗೂ ಚಿಕಿತ್ಸೆ ಸಿಗುತ್ತದೆ. ರಾಜಾಜಿನಗರದ ಇಎಸ್ಐ ಆಸ್ಪತ್ರೆಯ ಮುಂದೆ ಕಾರ್ಡು ಹಿಡಿದು ನಿಲ್ಲುವ ನಮ್ಮ ಜನರಿಗೆ ಈ ಹೆಸರು ತಿಳಿದಿರಬೇಕು, ಯಾವುದಾದರೂ ಗೋಡೆಯ ಮೇಲೆ ಬರೆದಿರಬೇಕು ಎಂಬುದು ನನ್ನ ಕಳಕಳಿಯ ಆಸೆ.

ಇನ್ನೊಂದು ದಿನ ಥೇಮ್ಸ್ ದಾಟಿ ಬರ್ಮಂಡ್ಸಿ ಎಂಬ ಬಡಾವಣೆಗೂ ಹೋದೆವು. ಬಡವರ ವೈದ್ಯ ಆಲ್ಫ್ರೆಡ್ ಸಾಲ್ಟರ್, 1922ರಲ್ಲಿ ಮೇಯರ್ ಆಗಿ ಬೀದಿಬೀದಿಗೆ ಮರ ನೆಡಿಸಿದ ಅವರ ಪತ್ನಿ ಆಡಾ, ಬಾಲ್ಯದಲ್ಲಿಯೇ ಸಾಂಕ್ರಾಮಿಕ ಜ್ವರಕ್ಕೆ ಬಲಿಯಾದ ಅವರ ಒಬ್ಬಳೇ ಮಗಳು, ಮೂವರ ಪ್ರತಿಮೆಗಳೂ ನದಿಯ ದಂಡೆಯಲ್ಲಿವೆ. ಮಗುವಿನ ಪ್ರತಿಮೆಯ ಮುಂದೆ ಹೆಚ್ಚು ಹೊತ್ತು ನಿಲ್ಲಲು ನನ್ನಿಂದಾಗಲಿಲ್ಲ.

ಯುದ್ಧಕಾಲದಲ್ಲಿ ಕಲಾವಿದ ಏಬ್ರಾಮ್ ಗೇಮ್ಸ್ ಬಿಡಿಸಿದ ಭಿತ್ತಿಪತ್ರವೊಂದರಲ್ಲಿ ಹಾಳುಬಿದ್ದ ಮನೆಯೊಳಗೆ ರಿಕೆಟ್ಸ್ ಪೀಡಿತ ಬಾಲಕನಿದ್ದಾನೆ, ಅದರ ಮುಂದೆ ಫಿನ್ಸ್‌ಬರಿ ಕೇಂದ್ರ ಬೆಳ್ಳಗೆ ನಿಂತಿದೆ. ಇಂಥ ಬ್ರಿಟನ್ನಿಗಾಗಿ ಹೋರಾಡಿ ಎಂಬುದು ಅದರ ಕರೆ. ಆ ಬಾಲಕನ ಚಿತ್ರ ದೇಶಕ್ಕೆ ಅವಮಾನವೆಂದು ಚರ್ಚಿಲ್ ಅದನ್ನು ಹಿಂತೆಗೆಸಿದರು. ಮಗುವಿನ ಕಾಲು ಬಾಗಿದ್ದು ಅವಮಾನವೇ ಹೊರತು ಅದನ್ನು ತೋರಿಸಿದ್ದಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

ಆರೋಗ್ಯ ಕೇಂದ್ರದಿಂದ ರೋಸ್‌ಬೆರಿ ಅವೆನ್ಯೂಗೆ ಬಂದರೆ, ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದ ಎದುರಿಗೆ, ಅದೇ ಲುಬೆಟ್ಕಿನ್ ಯುದ್ಧಕ್ಕೆ ಮೊದಲೇ ಯೋಜಿಸಿದ ಸ್ಪಾ ಗ್ರೀನ್ ವಸತಿ ಸಮುಚ್ಚಯವಿದೆ. ಅದಕ್ಕೆ 1946ರಲ್ಲಿ ಅಡಿಗಲ್ಲು ಹಾಕಿದವರು ಆರೋಗ್ಯ ಸಚಿವ ಅನ್ಯುರಿನ್ ಬೆವನ್. ಅಡುಗೆಮನೆಯ ಕಸ ಸಿಂಕಿನ ಮೂಲಕವೇ ಕೊಳವೆಯಲ್ಲಿ ಸಾಗುವ ಏರ್ಪಾಡು, ಗಾಳಿ ಚೆನ್ನಾಗಿ ಬೀಸುವಂತೆ ರೂಪಿಸಿದ ಬಟ್ಟೆ ಒಣಗಿಸುವ ತಾರಸಿ, ಇವು ಅಲ್ಲಿನ ವಿಶೇಷಗಳಾಗಿದ್ದವು. ಈಗಲೂ ಸಂಸಾರಗಳು ವಾಸಿಸುವ ಮನೆಗಳಾದ್ದರಿಂದ ಒಳಗೆ ಹೋಗಬಾರದು. ಎದುರಿನ ಕಾಲುದಾರಿಯಲ್ಲಿ ನಿಂತರೆ ತಾರಸಿಯ ಬಾಗಿದ ಅಂಚು ಚೆನ್ನಾಗಿ ಕಾಣುತ್ತದೆ.